ಹಲ್ಲು ನೋಡುವ ಪೆಟ್ಟಿಗೆ

ಏಳುಗಡ್ಡೆ ಸ್ವಾಯತ್ತ ಪ್ರದೇಶದ ನಲವತ್ತು ವರ್ಷಗಳ ಇತಿಹಾಸದಲ್ಲಿ ನದಿಸಭೆಯ ಮುಂದೆ ಬಂದ ಅತ್ಯಂತ ಗಹನವಾದ ಪ್ರಶ್ನೆಯೆಂದರೆ, ಮತದಾರರು ಯಾವುದರಲ್ಲಿ ಉಗುಳತಕ್ಕದ್ದು ಎಂಬುದು. ಇದರ ಚರ್ಚೆಗೆ ಮೂರು ಅಧಿವೇಶನಗಳು ಹಿಡಿದವು. ಮೊದಲನೆಯದರಲ್ಲಿ ಸ್ಟೀಲ್ ಲೋಟವೆಂದು ತೀರ್ಮಾನವಾಯಿತು. ಒಬ್ಬರು ಉಗುಳಿದ ಲೋಟದಲ್ಲಿ ಇನ್ನೊಬ್ಬರು ಉಗುಳುವುದು ಸಂಪ್ರದಾಯವಲ್ಲವೆಂಬ ಆಕ್ಷೇಪಣೆಯಿಂದ ಬಿದ್ದುಹೋಯಿತು. ಎರಡನೆಯದರಲ್ಲಿ ಕಾಗದದ ಕಪ್ಪು ಬಂತು. ಅದು ಕೊನೆಗೆ ಹೊಳೆಗೇ ಬೀಳುತ್ತದೆಂದು ನಾಲ್ಕನೇ ನಡುಗಡ್ಡೆಯ ಸದಸ್ಯರು ನೆನಪಿಸಿದರು. ಮೂರನೆಯದರಲ್ಲಿ, ಪ್ರತಿಯೊಬ್ಬ ಮತದಾರನೂ ತನ್ನ ಮನೆಯ ಲೋಟವನ್ನು ತಾನೇ ತರಬೇಕೆಂದು ಸರ್ವಾನುಮತದಿಂದ ಗೊತ್ತುವಳಿಯಾಯಿತು. ಆಮೇಲೆ ಯಂತ್ರ ಕಳಿಸಿದ ಪ್ರಯೋಗಾಲಯದವರು, ತಮ್ಮ ಗಾಜಿನ ನಳಿಗೆಯಲ್ಲಲ್ಲದೆ ಬೇರೆ ಯಾವುದರಲ್ಲಿ ಉಗುಳಿದರೂ ನಡೆಯುವುದಿಲ್ಲವೆಂದು ಪತ್ರ ಬರೆದರು. ಆದ ಗೊತ್ತುವಳಿಯನ್ನು ರದ್ದು ಮಾಡುವುದು ಸಭೆಗೆ ಅವಮಾನ. ಆದ್ದರಿಂದ ‘ಇಲ್ಲಿ ಲೋಟ ಎಂದರೆ ಗಾಜಿನ ನಳಿಗೆ’ ಎಂಬ ವಿವರಣೆಯೊಂದನ್ನು ಕೆಳಗೆ ಸೇರಿಸಿ ಎಲ್ಲರೂ ಊಟಕ್ಕೆ ಎದ್ದರು.

ಸ್ವಾಯತ್ತತೆ ಕೆಲವು ನಾಡುಗಳಿಗೆ ಹೋರಾಟದಿಂದ ಬರುತ್ತದೆ. ಏಳುಗಡ್ಡೆಗೆ ಬಂದದ್ದು ವರ್ಗಾವಣೆಯಿಂದ. ಕೃಷ್ಣಾ ನದಿ ತನ್ನ ದಾರಿ ಬದಲಿಸಿ ಈ ಏಳು ನಡುಗಡ್ಡೆಗಳನ್ನು ವರ್ಷವಿಡೀ ನೀರಿನ ನಡುವೆ ನಿಲ್ಲಿಸಿದ ಮೇಲೆ, ಇಲ್ಲಿಗೆ ಹಾಕಿದ ಅಧಿಕಾರಿಗಳೆಲ್ಲ ತಿಂಗಳೊಳಗೆ ವರ್ಗ ಮಾಡಿಸಿಕೊಂಡು ದಡ ಸೇರಿದರು. ಒಂಬತ್ತನೆಯವರೂ ಹೋದ ಮೇಲೆ ಸರಕಾರ, ನಿಮ್ಮನ್ನು ನೀವೇ ಆಳಿಕೊಳ್ಳಿ ಎಂದು ಕಾನೂನು ಮಾಡಿಕೊಟ್ಟಿತು. ನಾಲ್ಕು ಸಾವಿರ ಜನ. ನೀರಿನ ಮೇಲೆ ತೇಲಿಬಿಟ್ಟ ಬಿಸಿಲ ಹಾಳೆಗಳಿಂದ ವಿದ್ಯುತ್ತು ತೆಗೆದು ದಡಕ್ಕೆ ಕೊಡುವುದು ಅವರ ಕಸುಬು. ಹಾಳೆಗಳ ಮೇಲಿನ ಹಕ್ಕಿಯ ಹಿಕ್ಕೆ ತೊಳೆಯುವುದು ಅದರ ದೊಡ್ಡ ಭಾಗ.

ಗಡ್ಡೆಗೊಬ್ಬರಂತೆ ನದಿಸಭೆಗೆ ಏಳು ಸದಸ್ಯರು. ಎಂಟನೆಯದು ಎಳೆಯರ ಪೀಠ. ಅದಕ್ಕೆ ಹದಿನಾರು ತುಂಬಿದವರು, ಇಪ್ಪತ್ತೊಂದು ದಾಟದವರು ಮಾತ್ರ ಮತ ಹಾಕಬೇಕು. ಪಟ್ಟಿಯಲ್ಲಿರುವ ಎಳೆಯರಲ್ಲಿ ಅರ್ಧದಷ್ಟಾದರೂ ಬಂದು ಹಾಕದಿದ್ದರೆ ಪೀಠ ಐದು ವರ್ಷ ಖಾಲಿ. ಹೋದ ಸಲ ಅರವತ್ತೊಂದು ಮಂದಿ ಬಂದಿದ್ದರು. ಅಂದಿನಿಂದ ಆ ಕುರ್ಚಿಯ ಮೇಲೆ ಹಿರಿಯರು ತಮ್ಮ ಹೆಗಲ ವಲ್ಲಿಗಳನ್ನು ಹಾಕುತ್ತಿದ್ದರು.

ಈ ಸಲ ಕುರ್ಚಿ ತುಂಬಲೇಬೇಕೆಂದು ಹಟ ಹಿಡಿದವಳು ಪಿಯುಸಿ ಮೊದಲ ವರ್ಷದ ಹುಲಿಗೆಮ್ಮ. ಕಾರಣ ಆದರ್ಶವಲ್ಲ, ದೋಣಿ. ದಡದ ಕಾಲೇಜಿಗೆ ದಿನಾ ಬೆಳಿಗ್ಗೆ ಏಳೂವರೆಗೆ ಹೋಗುವ ದೋಣಿಯನ್ನು ನಿಲ್ಲಿಸಿ, ಮಕ್ಕಳು ಮನೆಯಲ್ಲೇ ಪರದೆಯ ಮುಂದೆ ಕೂತು ಓದಲಿ ಎಂದು ಏಳರಲ್ಲಿ ನಾಲ್ವರು ಸದಸ್ಯರ ಅಭಿಪ್ರಾಯ. ಎಂಟನೆಯವರೊಬ್ಬರು ಎದುರು ನಿಂತರೆ ನಾಲ್ಕಕ್ಕೆ ನಾಲ್ಕಾಗುತ್ತದೆ. ಸಮ ಬಿದ್ದರೆ ಇದ್ದದ್ದು ಇದ್ದಂತೆ ನಡೆಯಬೇಕೆಂದು ಕಾನೂನು. ಪೀಠಕ್ಕೆ ನಿಂತಿದ್ದ ಇಬ್ಬರೂ ದೋಣಿಯ ಪರ. ಆದ್ದರಿಂದ ಯಾರು ಗೆದ್ದರೂ ಹುಲಿಗೆಮ್ಮನಿಗೆ ಅಡ್ಡಿಯಿರಲಿಲ್ಲ, ಚುನಾವಣೆ ನಡೆದರೆ ಸಾಕಿತ್ತು. ಪಟ್ಟಿಯಲ್ಲಿ ನೂರಾ ತೊಂಬತ್ತೊಂಬತ್ತು ಹೆಸರು. ಬೇಕಾದದ್ದು ನೂರು.

ಆಕೆ ವರ್ಷವಿಡೀ ಗಡ್ಡೆಯಿಂದ ಗಡ್ಡೆಗೆ ಅಲೆದಳು. ಮತ ಹಾಕಿದರೆ ಏನು ಸಿಗುತ್ತದೆ ಎಂದು ಕೇಳಿದವರಿಗೆ ಏನೂ ಸಿಗುವುದಿಲ್ಲವೆಂದು ನಿಜ ಹೇಳಿದಳು. ಒಬ್ಬ, ಈಜುತ್ತ ಬಂದು ಹಾಕಬಹುದಾದರೆ ಹಾಕುತ್ತೇನೆಂದ. ಒದ್ದೆ ಕೈಯಲ್ಲಿ ಮತಪತ್ರ ಮುಟ್ಟಬಾರದೆಂಬ ನಿಯಮವೇನೂ ಇಲ್ಲವೆಂದು ಪುಸ್ತಕ ತೆಗೆದು ತೋರಿಸಿದಳು. ಅಕ್ಕತಂಗಿಯರಿಬ್ಬರು ತಮ್ಮಲ್ಲಿ ಒಬ್ಬಳು ಬಂದು ಇಬ್ಬರದೂ ಹಾಕಬಹುದೇ ಎಂದು ಕೇಳಿದರು. ಅಂಥವರಿಗೆಲ್ಲ ಆಕೆಯದು ಒಂದೇ ಉತ್ತರ:

“ನಿನ್ನ ಬದ್ಲಿ ಯಾರೂ ಹಾಕಾಕ ಬರಂಗಿಲ್ಲ. ನೀನ ಬರಬೇಕು.”

ಈ ಮಾತನ್ನು ಎಷ್ಟು ಸಲ ಹೇಳಿದ್ದಳೆಂದರೆ ಮೂರನೇ ಗಡ್ಡೆಯ ಸಣ್ಣ ಹುಡುಗರು ಆಕೆಯ ಹರಿಗೋಲು ಕಂಡೊಡನೆ ದಂಡೆಯ ಮೇಲಿಂದ ಅದನ್ನೇ ಕೂಗುತ್ತಿದ್ದರು.

ಇನ್ನು ಯಂತ್ರದ ಮಾತು. ಏಳುಗಡ್ಡೆಯ ಜನರಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಜೂನ್ ಒಂದರಂದು. ಇದು ಪವಾಡವಲ್ಲ, ಯಂಕೋಬ ಮಾಸ್ತರರ ಕೈಬರಹ. ಮೂವತ್ತು ವರ್ಷ ಇಲ್ಲಿನ ಶಾಲೆಯ ಹೆಡ್‌ಮಾಸ್ತರರಾಗಿದ್ದ ಅವರು ಮಗುವಿನ ಹುಟ್ಟಿದ ದಿನ ಕೇಳಿದರೆ ತಾಯಂದಿರು, ಜೋಳ ಕೊಯ್ಯುವಾಗ ಅನ್ನುತ್ತಿದ್ದರು, ಇಲ್ಲವೇ ಕರಿ ಎಮ್ಮೆ ಈದ ವರ್ಷ ಅನ್ನುತ್ತಿದ್ದರು. ಮಾಸ್ತರರು ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಆರು ವರ್ಷ. ಶಾಲೆ ತೆರೆಯುವ ದಿನ ಜೂನ್ ಒಂದು. ಹುಟ್ಟಿದ ದಿನವೂ ಅದೇ. ಮಾಸ್ತರರು ನಿವೃತ್ತರಾದ ಮೇಲೆ, ಓದಲು ಕನ್ನಡಕ ಬೇಡದ ಏಕೈಕ ಹಿರಿಯರೆಂಬ ಕಾರಣಕ್ಕೆ ಅವರನ್ನೇ ಚುನಾವಣಾಧಿಕಾರಿ ಮಾಡಿದರು. ಆಗ ದಡದ ತಾಲ್ಲೂಕಿನವರು ತಕರಾರು ತೆಗೆದರು: ಊರಿಗೆ ಊರೇ ಒಂದು ದಿನ ಹುಟ್ಟಿದೆಯೆಂದರೆ ಅದನ್ನು ಮತದಾರರ ಪಟ್ಟಿ ಎನ್ನುವುದೋ ಮೀನಿನ ಮೊಟ್ಟೆ ಎನ್ನುವುದೋ? ಹೀಗೆ ವಯೋಮಾಪಕ ಬಂತು.

ಅದನ್ನು ತಂದವಳು ಪ್ರಯೋಗಾಲಯದ ಮೆಹರುನ್ನೀಸಾ. ಇಪ್ಪತ್ತಾರರ ಹುಡುಗಿ, ಮಾತು ಮೆಲ್ಲಗೆ, ಚಹಾ ಮಾತ್ರ ಕಡಕ್ಕು. ಹಳೆಯ ಪಂಪ್‌ಹೌಸಿನಲ್ಲಿ ಯಂತ್ರ ಕೂರಿಸಿ ಆಕೆ ಜನಕ್ಕೆ ತಿಳಿಯುವಂತೆ ವಿವರಿಸಿದಳು. ಉಗುಳಿನಲ್ಲಿ ಕೆನ್ನೆಯ ಒಳಗಿನ ಜೀವಕೋಶಗಳು ಉದುರಿ ಬಂದಿರುತ್ತವೆ. ಪ್ರತಿ ಕೋಶದೊಳಗೆ ಸುತ್ತಿಟ್ಟ ಉದ್ದನೆಯ ಎಳೆಯ ಮೇಲೆ, ಮನುಷ್ಯ ಬದುಕಿದಂತೆಲ್ಲ ಸಣ್ಣ ಸಣ್ಣ ಗುರುತುಗಳು ಕೂರುತ್ತ ಹೋಗುತ್ತವೆ. ಯಾವ ಗುರುತು ಯಾವ ವಯಸ್ಸಿಗೆ ಕೂರುತ್ತದೆಂಬುದು ಯಂತ್ರಕ್ಕೆ ಗೊತ್ತು. ಎಣಿಸಿ ವಯಸ್ಸು ಹೇಳುತ್ತದೆ. ಹೆಚ್ಚುಕಡಿಮೆಯಾದರೆ ಒಂಬತ್ತು ದಿನ. ಇಷ್ಟು ಕೇಳಿದ ಎರಡನೇ ಗಡ್ಡೆಯ ಮುದುಕರೊಬ್ಬರು, ಸಂತೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ನೋಡಿದ ಹಾಗೆ ಎಂದರು. ಅಲ್ಲಿಗೆ ವಯೋಮಾಪಕ ಎಂಬ ಹೆಸರು ಮುಗಿಯಿತು. ಹಲ್ಲು ನೋಡುವ ಪೆಟ್ಟಿಗೆ ಎಂಬುದೇ ನಿಂತಿತು.

ಕಾನೂನಿನಂತೆ ಪೆಟ್ಟಿಗೆಯ ಮುಂದೆ ಬರಬೇಕಾದವರು ಎಳೆಯರು ಮಾತ್ರ, ಅದೂ ಮತದಾನದ ದಿನ. ಆದರೆ ಹಿಂದಿನ ವಾರ ಪರೀಕ್ಷಾರ್ಥವಾಗಿ ಕೆಲವು ಹಿರಿಯರೂ ಉಗುಳಿದರು. ತೊಂಬತ್ತರ ಮರ್ಯಾದೆ ಪಡೆಯುತ್ತಿದ್ದ ಅಜ್ಜಿಯೊಬ್ಬರು ಎಪ್ಪತ್ತೆರಡಕ್ಕೆ ಇಳಿದು, ಮರುದಿನದಿಂದ ನೀರು ತರುವ ಪಾಳಿಗೆ ಸೇರಬೇಕಾಯಿತು. ಗಂಡನಿಗಿಂತ ಹೆಂಡತಿ ದೊಡ್ಡವಳೆಂದು ಆರು ಮನೆಗಳಲ್ಲಿ ತಿಳಿದುಬಂತು. ಐದು ಮನೆಗಳಲ್ಲಿ ಗಂಡಂದಿರು ಅದನ್ನು ಮೊದಲೇ ಊಹಿಸಿದ್ದರು.

ಹುಲಿಗೆಮ್ಮನಿಗೆ ಇದರ ಚಿಂತೆ ಇರಲಿಲ್ಲ. ಊರಿನಲ್ಲಿ ನಿಜವಾದ ಹುಟ್ಟಿದ ದಿನ ಇದ್ದ ಕೆಲವರಲ್ಲಿ ಆಕೆ ಒಬ್ಬಳು. ದಡದ ಆಸ್ಪತ್ರೆಯ ನೀಲಿ ಮೊಹರಿನ ಜನನ ಪತ್ರ. ಫೆಬ್ರವರಿ ಹದಿನಾಲ್ಕು, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಪ್ರತಿವರ್ಷ ಆ ದಿನ ಅವರವ್ವ ತಾಯಮ್ಮ ಹೋಳಿಗೆ ಮಾಡಿ, ಮಗಳಿಗೆ ಬಡಿಸಿ, ತಾನು ಮಾತ್ರ ಒಂದು ತುಣುಕೂ ಮುಟ್ಟದೆ ಹೊಳೆಯ ಕಡೆ ಹೋಗಿ ಕೂರುತ್ತಿದ್ದಳು. ಸಿಹಿ ಆಕೆಗೆ ಆಗುವುದಿಲ್ಲವೆಂದು ಮನೆಯವರ ತಿಳುವಳಿಕೆ.

ಮತದಾನದ ದಿನ, ಮಾರ್ಚ್ ಹದಿನೈದು, ಬೆಳಿಗ್ಗೆ ತಾಯಮ್ಮ ರೊಟ್ಟಿ ಬಡಿಯುತ್ತ ಆ ಪೆಟ್ಟಿಗೆ ನೋವು ಮಾಡುತ್ತದೆಯೇ ಎಂದು ಕೇಳಿದಳು. ಉಗುಳಿದರೆ ಏನು ನೋವು ಎಂದು ಮಗಳು ನಕ್ಕಳು. ತಾಯಮ್ಮ ಇನ್ನೊಂದು ರೊಟ್ಟಿ ಬಡಿದು, ಅದಕ್ಕೆ ಎಲ್ಲ ಗೊತ್ತಾಗುತ್ತದೆಯೇ ಎಂದು ಕೇಳಿದಳು. ವಯಸ್ಸೊಂದು ಗೊತ್ತಾಗುತ್ತದೆ ಎಂದಳು ಮಗಳು. ತಾಯಮ್ಮ ಒಂದು ರೊಟ್ಟಿ ಸೀಯಿಸಿದಳು. ಆಕೆಯ ಕೈಯಲ್ಲಿ ರೊಟ್ಟಿ ಸೀದದ್ದನ್ನು ಹುಲಿಗೆಮ್ಮ ಅದುವರೆಗೆ ಕಂಡಿರಲಿಲ್ಲ.

“ಎಲ್ಲಾರೂ ಹಾಕಿದ ಮ್ಯಾಲ ನೀ ಹಾಕವ್ವ,” ಎಂದಳು ತಾಯಮ್ಮ. “ಅವಸರ ಏನೈತಿ?”

ಹುಲಿಗೆಮ್ಮ ಹೇಗೂ ಕೊನೆಗೇ ಹಾಕುವವಳಿದ್ದಳು. ಮದುವೆ ಮನೆಯಲ್ಲಿ ಮನೆಯವರು ಕೊನೆಯ ಪಂಕ್ತಿಗೆ ಕೂರುವ ಲೆಕ್ಕ.

ಪಂಪ್‌ಹೌಸಿನಲ್ಲಿ ದಿನ ಚೆನ್ನಾಗಿಯೇ ಶುರುವಾಯಿತು. ಎಳೆಯರು ಒಬ್ಬೊಬ್ಬರಾಗಿ ಬಂದು, ಗೆಳೆಯರು ನೋಡುತ್ತಿದ್ದಾರೆಂದು ನಾಚಿ, ಗೋಡೆಯ ಕಡೆ ತಿರುಗಿ ನಳಿಗೆಯಲ್ಲಿ ಉಗುಳಿದರು. ನಾಲ್ಕು ನಿಮಿಷಕ್ಕೆ ಪೆಟ್ಟಿಗೆ ವಯಸ್ಸು ಹೇಳುತ್ತಿತ್ತು. ಮೆಹರುನ್ನೀಸಾ ಅದನ್ನು ಚೀಟಿಯ ಮೇಲೆ ಬರೆದು, ಮಡಚಿ, ಮಾಸ್ತರರಿಗೆ ಕೊಡುತ್ತಿದ್ದಳು. ಬಹಿರಂಗವಾಗಿ ಓದುವುದು ಬೇಡವೆಂದು ಆಕೆಯೇ ಗೊತ್ತು ಮಾಡಿದ್ದು. ಆದರೂ ಕೆಲವು ಸೋರಿದವು. ಹದಿನೆಂಟು ವರ್ಷದೊಳಗಿನವರ ಕಬಡ್ಡಿ ತಂಡದ ನಾಯಕನಿಗೆ ಇಪ್ಪತ್ತು ನಡೆಯುತ್ತಿತ್ತು. ಅವನ ಮೀಸೆ ನೋಡುತ್ತ ಬಂದವರಿಗೆ ಇದು ಸುದ್ದಿಯೇನಲ್ಲ. ಈಜಿ ಬರುತ್ತೇನೆಂದವನು ಈಜಿಯೇ ಬಂದ.

ಮಾಸ್ತರರು ಪ್ರತಿ ಚೀಟಿ ಬಿಡಿಸುವಾಗಲೂ ತಮ್ಮ ಹಳೆಯ ತಪ್ಪನ್ನು ತಾವೇ ತಿದ್ದುವವರಂತೆ ಕಾಣುತ್ತಿದ್ದರು. ನಾಲ್ಕು ತಿಂಗಳು ಕಡಿಮೆ, ಏಳು ತಿಂಗಳು ಹೆಚ್ಚು. ಆದರೂ ಹದಿನಾರರ ಕೆಳಗೆ ಯಾರೂ ಬೀಳಲಿಲ್ಲ. ನೆತ್ತಿಯ ಮೇಲಿಂದ ಹಾದ ಕೈ ಇಷ್ಟು ನಂಬಿಕಸ್ಥವೆಂದು ತನಗೆ ತಿಳಿದಿರಲಿಲ್ಲವೆಂದು ಮೆಹರುನ್ನೀಸಾ ಹೇಳಿದಾಗ ಮಾಸ್ತರರು ಅವಳಿಗೆ ಇನ್ನೊಂದು ಚಹಾ ತರಿಸಿದರು.

ಮೂರು ಗಂಟೆಗೆ ತೊಂಬತ್ತೊಂಬತ್ತು ಮತ ಬಿದ್ದಿದ್ದವು. ಉಳಿದವರಲ್ಲಿ ಊರಲ್ಲಿ ಇಲ್ಲದವರು ಬಹಳ; ಇದ್ದೂ ಬರುವುದಿಲ್ಲವೆಂದವರ ಬಾಗಿಲನ್ನು ಹುಲಿಗೆಮ್ಮ ಮೂರು ಮೂರು ಸಲ ತಟ್ಟಿ ಮುಗಿಸಿದ್ದಳು. ಇನ್ನು ಬರುವವಳು ಆಕೆಯೊಬ್ಬಳೇ. ಸಾಲಿನಲ್ಲಿ ಯಾರೂ ಇರಲಿಲ್ಲ. ಆಕೆ ಗೋಡೆಯ ಕಡೆ ತಿರುಗದೆ, ಧೈರ್ಯವಾಗಿ, ಮಾಸ್ತರರ ಎದುರೇ ಉಗುಳಿದಳು.

ಮೆಹರುನ್ನೀಸಾ ಚೀಟಿ ಬರೆಯಲಿಲ್ಲ. ಪೆಟ್ಟಿಗೆ ಒರೆಸಿ, ಹೊಸ ನಳಿಗೆ ಕೊಟ್ಟು, ಇನ್ನೊಮ್ಮೆ ಎಂದಳು. ಎರಡನೆಯ ಸಲವಾದ ಮೇಲೆ ತಾನೇ ಉಗುಳಿ ನೋಡಿದಳು. ಪೆಟ್ಟಿಗೆ ಆಕೆಯ ವಯಸ್ಸನ್ನು ಸರಿಯಾಗಿ ಹೇಳಿತು. ಮೂರನೆಯ ಸಲವೂ ಹುಲಿಗೆಮ್ಮನಿಗೆ ಅದೇ ಬಂತು. ಮೆಹರುನ್ನೀಸಾ ಆಗ ಚೀಟಿ ಬರೆದು, ಮಡಚದೆ ಹಾಗೇ ಮೇಜಿನ ಮೇಲಿಟ್ಟಳು. ಹದಿನೈದು ವರ್ಷ ನಾಲ್ಕು ತಿಂಗಳು.

ಜನನ ಪತ್ರದಲ್ಲಿ ಹದಿನೇಳು ವರ್ಷ ಒಂದು ತಿಂಗಳು. ಇಪ್ಪತ್ತೊಂದು ತಿಂಗಳ ಅಂತರ.

“ಪೆಟಿಗಿ ತಪ್ಪಿರಬೇಕು,” ಎಂದಳು ಹುಲಿಗೆಮ್ಮ.

ಮೆಹರುನ್ನೀಸಾ ಚೀಟಿಯನ್ನು ಆಕೆಯ ಕೈಗೆ ಕೊಟ್ಟಳು. ಅವ್ವನನ್ನು ಒಮ್ಮೆ ಕೇಳಿ ಬಾ ಎಂದು ಮಾತ್ರ ಹೇಳಿದಳು. ಮಾಸ್ತರರು ಆ ಹೊತ್ತಿಗೆ ಬೇರೆಯೇ ಒಂದನ್ನು ನೆನಪಿಸಿಕೊಳ್ಳುತ್ತಿದ್ದರು. ಒಂದನೇ ತರಗತಿಗೆ ಸೇರಲು ಬಂದ ದಿನ ಈ ಹುಡುಗಿಯ ಕೈ ಕಿವಿ ಮುಟ್ಟಿರಲಿಲ್ಲ. ಕಿವಿಯಿರಲಿ, ನೆತ್ತಿಯೇ ದಾಟಿರಲಿಲ್ಲ. ಆದರೆ ಕಾಗದಕ್ಕೆ ನೀಲಿ ಮೊಹರಿತ್ತು. ಜೀವಮಾನದಲ್ಲಿ ಒಂದೇ ಒಂದು ಸಲ ಅವರು ಕೈಯನ್ನು ಬಿಟ್ಟು ಕಾಗದವನ್ನು ನಂಬಿದ್ದರು. ಹತ್ತು ವರ್ಷವೂ ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯನ್ನು ನೋಡಿಯೂ ಅವರಿಗೆ ಅನುಮಾನ ಬಂದಿರಲಿಲ್ಲ.

ಮನೆ ಪಂಪ್‌ಹೌಸಿನಿಂದ ಕೂಗಳತೆಯ ದೂರ. ಅಪ್ಪ ನಾಗಪ್ಪ ಹಾಳೆ ತೊಳೆಯಲು ಹೊಳೆಯ ಮೇಲೆ ಹೋಗಿದ್ದ. ತಾಯಮ್ಮ ಮಧ್ಯಾಹ್ನದ ಹಿಟ್ಟನ್ನು ನಾದಿಟ್ಟು, ಒಲೆ ಹೊತ್ತಿಸದೆ ಕೂತಿದ್ದಳು. ಮಗಳ ಕೈಯ ಚೀಟಿ ನೋಡಿದಳು. ಆಕೆಗೆ ಓದಲು ಬರುತ್ತಿರಲಿಲ್ಲ. ಓದುವ ಅಗತ್ಯವೂ ಬೀಳಲಿಲ್ಲ.

“ಎಷ್ಟಂತ ಹೇಳ್ತು?”

“ಹದಿನೈದು ವರ್ಷ ನಾಕು ತಿಂಗಳು ಅನ್ನಾಕತ್ತೈತಿ ಬೇ. ನಾ ಯಾವಾಗ ಹುಟ್ಟೀನಿ?”

ತಾಯಮ್ಮ ಬೆರಳು ಮಡಚಿ ತಿಂಗಳು ಎಣಿಸಿದಳು. “ಗೌರಿ ಹುಣ್ಣಿವಿಗೆ ಎರಡ ದಿನ ಇತ್ತು,” ಎಂದಳು. “ಓಣಿ ಹುಡುಗ್ಯಾರೆಲ್ಲ ಸಕ್ಕರಿ ಆರತಿ ಗೊಂಬಿ ತರಾಕ ದಂಡಿಗೆ ಹೋಗಿದ್ರು. ಸೂಲಗಿತ್ತಿನೂ ಅವರ ಕೂಡ ಹೋಗಿದ್ಲು. ಇದ ಮೂಲಿಯೊಳಗ, ಒಬ್ಬಾಕಿನ ಹಡದೆ ನಿನ್ನ.”

ಗೌರಿ ಹುಣ್ಣಿಮೆಯೆಂದರೆ ಕಾರ್ತಿಕದ್ದು, ನವೆಂಬರಿನಲ್ಲಿ ಬರುವಂಥದು. ಪೆಟ್ಟಿಗೆ ಹೇಳಿದ್ದಕ್ಕೂ ತಾಯಿ ಹೇಳಿದ್ದಕ್ಕೂ ಐದು ದಿನದ ವ್ಯತ್ಯಾಸವಿತ್ತು.

ಉಳಿದದ್ದನ್ನು ತಾಯಮ್ಮ ಹಿಟ್ಟಿನ ಮುದ್ದೆಯನ್ನು ನೋಡುತ್ತ ಹೇಳಿದಳು. ಮೊದಲನೆಯದು ದಡದ ಆಸ್ಪತ್ರೆಯಲ್ಲಿ ಆಯಿತು. ಹೆಣ್ಣುಮಗು, ಹುಲಿಗೆಮ್ಮ ಎಂದು ಹೆಸರಿಟ್ಟರು. ಏಳು ತಿಂಗಳಾಗಿತ್ತು. ಹೊಳೆ ತುಂಬಿ ಮೂರು ದಿನ ದೋಣಿ ಬಿಡದೆ ಇದ್ದಾಗ ಜ್ವರ ಬಂತು. ನಾಲ್ಕನೆಯ ದಿನ ದೋಣಿ ಬಿಟ್ಟರು, ಆಗ ಬೇಕಿರಲಿಲ್ಲ. ಹದಿನಾಲ್ಕು ತಿಂಗಳ ಮೇಲೆ ಇನ್ನೊಂದು ಹೆಣ್ಣು ಹುಟ್ಟಿತು. ನೋಡಲು ಬಂದವರೆಲ್ಲ, ಹೋದಾಕೆಯೇ ತಿರುಗಿ ಬಂದಿದ್ದಾಳೆ ಎಂದರು. ಹಾಗೆ ಅನ್ನುವುದು ಗಡ್ಡೆಗಳ ವಾಡಿಕೆ. ಅದೇ ಹೆಸರಿಡುವುದೂ ವಾಡಿಕೆ. ಅದೇ ತೊಟ್ಟಿಲು, ಅದೇ ಕುಂಚಿಗೆ, ಅದೇ ಕಾಗದ. ಸತ್ತದ್ದನ್ನು ಎಲ್ಲಿಯೂ ಬರೆಸಲಿಲ್ಲ. ಬರೆಸಲು ಹೋದರೆ ಮೊದಲು ಬಾಯಿಬಿಟ್ಟು ಹೇಳಬೇಕಲ್ಲ.

“ಮತ್ತ ನಾ ಅಕಿನೋ, ಬ್ಯಾರೆನೋ?” ಎಂದು ಹುಲಿಗೆಮ್ಮ ಕೇಳಿದಳು.

“ನೀ ಅತ್ತಾಗೆಲ್ಲ ಅಕಿನ ಅಂತಿದ್ದೆ,” ಎಂದಳು ತಾಯಮ್ಮ. “ನೀ ನಡ್ಯಾಕ ಕಲತಿ ನೋಡು, ಅಕಿ ನಡದಿದ್ದಿಲ್ಲ. ಅವತ್ತಿಂದ ಬ್ಯಾರೆ ಆದಿ.”

ಆಮೇಲೆ ತಾಯಮ್ಮ, ಕಾಗದವಂತೂ ಸುಳ್ಳಲ್ಲ, ಮೊಹರಿದೆ, ಅದನ್ನೇ ತೋರಿಸಿ ಹಾಕಿಬಿಡು ಎಂದಳು. ಮಗಳು ಎದ್ದು ಹೋದಳು.

ಪಂಪ್‌ಹೌಸಿನ ಮುಂದೆ ಅಷ್ಟರಲ್ಲಿ ಜನ ಸೇರಿದ್ದರು. ತೊಂಬತ್ತೊಂಬತ್ತು ಎಂಬ ಸಂಖ್ಯೆ ಏಳು ಗಡ್ಡೆಗಳಿಗೂ ಮುಟ್ಟಿತ್ತು. ಎರಡು ಪಕ್ಷದ ಹುಡುಗರೂ ಮೊದಲ ಬಾರಿಗೆ ಒಂದೇ ಮಾತಾಡುತ್ತಿದ್ದರು: ಮಾಸ್ತರರು ಪೆಟ್ಟಿಗೆಯ ಮೇಲೆ ವಲ್ಲಿ ಮುಚ್ಚಲಿ, ಕಾಗದ ನೋಡಲಿ. ಇದಕ್ಕೆ ಕಾನೂನಿನ ಆಧಾರವೂ ಇತ್ತು. ಕಾಗದಕ್ಕೂ ಯಂತ್ರಕ್ಕೂ ತಾಳೆಯಾಗದಿದ್ದಲ್ಲಿ ಚುನಾವಣಾಧಿಕಾರಿಯ ವಿವೇಚನೆಯೇ ಅಂತಿಮ ಎಂದು ಹದಿನಾಲ್ಕನೇ ನಿಯಮ.

ಮಾಸ್ತರರು ಬಾಗಿಲು ಅರೆ ಮುಚ್ಚಿಸಿದರು. ಒಳಗೆ ಉಳಿದವರು ಮೂವರೇ. ಹುಲಿಗೆಮ್ಮ ಅಕ್ಕನ ಸಂಗತಿಯನ್ನು ಎರಡು ಮಾತಿನಲ್ಲಿ ಹೇಳಿದಳು. ಮೆಹರುನ್ನೀಸಾ ಯಂತ್ರದ ಸ್ವಿಚ್ಚು ಆರಿಸಿದಳು. ಇನ್ನು ಅದಕ್ಕೆ ಹೇಳಲು ಏನೂ ಉಳಿದಿರಲಿಲ್ಲ. ಮಾಸ್ತರರು ಬಹಳ ಹೊತ್ತು ಪೆನ್ನಿನ ಟೋಪಿ ತೆಗೆದು ಹಾಕಿ ಮಾಡಿ, ಕೊನೆಗೆ ಮತಪತ್ರವನ್ನು ಆಕೆಯ ಮುಂದೆ ಸರಿಸಿದರು.

“ಕಾಗದ ನಾನ ಒಪ್ಪಿಕೊಂಡದ್ದು ತಂಗಿ. ಅವತ್ತ ಒಪ್ಪೀನಿ, ಇವತ್ತೂ ಒಪ್ಪತೀನಿ. ಹಾಕು.”

“ಅದು ನಮ್ಮಕ್ಕನ ಓಟು ರೀ ಮಾಸ್ತರ್ರ.”

“ಅಕಿ ಇಲ್ಲಲ್ಲವ್ವ.”

“ಅದಕ್ಕ. ಇಡೀ ವರ್ಷ ನಾ ಎಲ್ಲಾರಿಗೂ ಏನ್ ಹೇಳಿಕೊಂತ ಅಡ್ಡಾಡೀನಿ ನಿಮಗ ಗೊತ್ತೈತಿ. ಒಬ್ಬರ ಬದ್ಲಿ ಇನ್ನೊಬ್ಬರು ಹಾಕಾಕ ಬರಂಗಿಲ್ಲ ಅಂತ. ಅಕಿ ಓಟು ನಾ ಹಾಕಿದ್ರ, ನಾ ಯಾವಾಗ ಹಾಕ್ಲಿ?”

ದಾರಿ ಕಾಣದಾಗ ಮಾಸ್ತರರು ನಿಯಮದ ಪುಸ್ತಕ ತೆರೆಯುವುದು ರೂಢಿ. ತೆರೆದರು. ಹನ್ನೊಂದನೇ ನಿಯಮದ ಮೇಲೆ ಅವರ ಬೆರಳು ನಿಂತಿತು. ಪಟ್ಟಿ ಒಮ್ಮೆ ಮುಚ್ಚಿದ ಮೇಲೆ ಯಾವ ಹೆಸರನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. ವಯಸ್ಸು ಸಾಲದವರ ಹೆಸರೂ ಲೆಕ್ಕದಲ್ಲಿ ಇರತಕ್ಕದ್ದು. ಆದರೆ ಮತದಾನ ಮುಗಿಯುವ ಮೊದಲು ಪಟ್ಟಿಯಲ್ಲಿದ್ದವರ ಮರಣವನ್ನು ರಕ್ತಸಂಬಂಧಿಯೊಬ್ಬರು ಸ್ವತಃ ಬಂದು ಹೇಳಿ ಬರೆಸಿದಲ್ಲಿ ಆ ಹೆಸರನ್ನು ಹೊಡೆದುಹಾಕತಕ್ಕದ್ದು.

ಒಂದು ಹೆಸರು ಹೋದರೆ ನೂರಾ ತೊಂಬತ್ತೆಂಟು. ಅದರ ಅರ್ಧ ತೊಂಬತ್ತೊಂಬತ್ತು.

ಮಾಸ್ತರರು ತಲೆಯೆತ್ತಿದರು. ಪುಸ್ತಕ ಹುಲಿಗೆಮ್ಮನಿಗೆ ಬಾಯಿಪಾಠವೆಂದು ಅವರಿಗೆ ಗೊತ್ತಿತ್ತು. ಆಕೆ ಈ ಲೆಕ್ಕವನ್ನು ಮನೆಯಿಂದ ಬರುವ ದಾರಿಯಲ್ಲೇ ಮಾಡಿ ಮುಗಿಸಿದ್ದಾಳೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ತಾನು ರಕ್ತಸಂಬಂಧಿಯಲ್ಲವೇ ಎಂದು ಆಕೆ ಕೇಳಲಿಲ್ಲ. ಅಕ್ಕ ಸತ್ತಾಗ ತಂಗಿ ಹುಟ್ಟಿಯೇ ಇರಲಿಲ್ಲ, ಸಾಕ್ಷಿ ಹೇಗಾದಾಳು? ಅಪ್ಪ ಹೊಳೆಯ ನಡುವೆ ಇದ್ದ, ಸಂಜೆಯವರೆಗೆ ಬರುವವನಲ್ಲ. ಉಳಿದವಳು ಒಬ್ಬಳೇ.

“ಬ್ಯಾಡ್ರಿ,” ಎಂದಳು ಹುಲಿಗೆಮ್ಮ ಮೆಲ್ಲಗೆ. “ಅವ್ವಗ ಕೇಳಬ್ಯಾಡ್ರಿ. ಹದಿನಾರು ವರ್ಷ ಬಾಯಿ ಬಿಟ್ಟಿಲ್ಲ ಅಕಿ. ಪೀಠ ಹೋದ್ರ ಹೋಗ್ಲಿ. ಪರದೆ ಮುಂದ ಕುಂತು ಓದ್ತೀನಿ.”

ಮಾಸ್ತರರು ಪುಸ್ತಕ ಮುಚ್ಚಿದರು. ನಾಲ್ಕೂವರೆಯಾಗಿತ್ತು. ಐದಕ್ಕೆ ಮತದಾನ ಮುಗಿಯುತ್ತದೆ.

“ನನಗ ಏನ್ ಕೇಳಬಾರದು?”

ಅರೆ ತೆರೆದ ಬಾಗಿಲಲ್ಲಿ ತಾಯಮ್ಮ ನಿಂತಿದ್ದಳು. ಕೈಗೆ ಹಿಟ್ಟು ಹಾಗೇ ಇತ್ತು. ಮಗಳು ಹೋದ ಮೇಲೆ ಆಕೆ ಸ್ವಲ್ಪ ಹೊತ್ತು ಕೂತು, ಕೈ ತೊಳೆಯುವುದನ್ನೂ ಮರೆತು ಹಿಂದೆಯೇ ಬಂದಿದ್ದಳು.

ಮೆಹರುನ್ನೀಸಾ ಎದ್ದು, ತನ್ನ ಕುರ್ಚಿಯಲ್ಲಿ ಆಕೆಯನ್ನು ಕೂರಿಸಿ, ಎಲ್ಲವನ್ನೂ ಬಿಡಿಸಿ ಹೇಳಿದಳು. ಬರೆಸಲೇಬೇಕೆಂದಿಲ್ಲ, ಬರೆಸದಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ ಎಂದೂ ಸೇರಿಸಿದಳು. ಹೊರಗಿನ ನಾನೂರು ಜನರ ವಿಷಯದಲ್ಲಿ ಇದು ನಿಜವಲ್ಲ. ಒಳಗಿನ ಮೂವರ ವಿಷಯದಲ್ಲಿ ನಿಜ.

ತಾಯಮ್ಮ ಕೇಳಿದ್ದು ಒಂದೇ ಪ್ರಶ್ನೆ. “ಹೆಸರಿನ ಮ್ಯಾಲ ಗೀಟು ಹೊಡೀತಾರಲ್ಲ, ಇಕಿಗೇನೂ ಆಗಂಗಿಲ್ಲಲ್ಲ? ಹೆಸರು ಒಂದ ಐತಿ.”

“ಏನೂ ಆಗಂಗಿಲ್ಲ,” ಎಂದರು ಮಾಸ್ತರರು. “ಇಕೀ ಹೆಸರು ಮುಂದಿನ ವರ್ಷ ಹೊಸಾದಾಗಿ ಬರೀತೀನಿ. ಗೌರಿ ಹುಣ್ಣಿವಿಗೆ ಎರಡು ದಿನ ಮೊದಲು ಅಂತ ಬರೀತೀನಿ.”

“ಹಂಗಾರ ಬರಕೋರಿ.”

ಮರಣದ ನಮೂನೆ ಹತ್ತು ಕಲಮುಗಳದ್ದು. ಮತದಾರರಿಗೆಂದು ಮಾಡಿದ ನಮೂನೆ. ಏಳು ತಿಂಗಳಿನವರು ಮತದಾರರಾಗಿ ಸಾಯುತ್ತಾರೆಂದು ಅದನ್ನು ಬರೆದವರಿಗೆ ತೋಚಿರಲಿಲ್ಲ. ಮಾಸ್ತರರು ಒಂದೊಂದಾಗಿ ಓದಿದರು, ತಾಯಮ್ಮ ಹೇಳಿದಳು. ಮೃತರ ಹೆಸರು: ಹುಲಿಗೆಮ್ಮ. ವಯಸ್ಸು: ಏಳು ತಿಂಗಳು. ಸ್ಥಳ: ಮನೆ. ಕಾರಣ: ಜ್ವರ. ದಿನ: ಹೊಳೆ ತುಂಬಿದ ನಾಲ್ಕನೇ ದಿನ, ನಸುಕಿನಲ್ಲಿ. ಆರನೇ ಕಲಮು ವಿದ್ಯಾರ್ಹತೆ. ಮಾಸ್ತರರು ಅದನ್ನು ಓದದೆ ದಾಟಿದರು. ಏಳನೆಯದನ್ನೂ ದಾಟಬೇಕೆಂದಿದ್ದವರು, ಮೂವತ್ತು ವರ್ಷ ನಮೂನೆ ತುಂಬಿದ ನಾಲಿಗೆ ಕೇಳದೆ, ಓದಿಬಿಟ್ಟರು.

“ಉದ್ಯೋಗ?”

ಹುಲಿಗೆಮ್ಮ ನೆಲ ನೋಡಿದಳು. ತಾಯಮ್ಮನಿಗೆ ಪ್ರಶ್ನೆ ವಿಚಿತ್ರವೆನಿಸಲಿಲ್ಲ. ಸ್ವಲ್ಪ ಯೋಚಿಸಿದಳು.

“ನಗತಿದ್ಲುರಿ,” ಎಂದಳು. “ಬರೇ ನಗತಿದ್ಲು. ಬ್ಯಾರೆ ಏನೂ ಬರತಿದ್ದಿಲ್ಲ ಅಕಿಗೆ.”

ಮಾಸ್ತರರು ‘ನಗುತ್ತಿದ್ದಳು’ ಎಂದು ಬರೆದರು. ಉಳಿದ ಮೂರು ಕಲಮು ತುಂಬಿಸಿ, ಮಸಿಪೆಟ್ಟಿಗೆ ಮುಂದೆ ಸರಿಸಿದರು. ಹಿಟ್ಟು ಹತ್ತಿದ ಹೆಬ್ಬೆರಳಿನ ಗುರುತು ಮೊದಲ ಸಲ ಸರಿಯಾಗಿ ಮೂಡಲಿಲ್ಲ. ಮಗಳು ತಾಯಿಯ ಕೈ ಹಿಡಿದು ಪೆಟ್ಟಿಗೆ ಒರೆಸುವ ಬಟ್ಟೆಯಿಂದ ಒರೆಸಿ, ಎರಡನೆಯ ಸಲ ತಾನೇ ಒತ್ತಿಸಿದಳು.

ಆಗ ತಾಯಮ್ಮ ಅತ್ತಳು. ಜೋರಾಗಿ, ನಿನ್ನೆ ಮೊನ್ನೆಯ ಸಾವಿಗೆ ಅತ್ತ ಹಾಗೆ. ಹೊರಗಿನ ಮಾತು ನಿಂತಿತು. ಕಾರಣ ಗೊತ್ತಿಲ್ಲದಿದ್ದರೂ ಗಡ್ಡೆಯ ಹೆಣ್ಣುಮಕ್ಕಳು, ಅಳು ಕೇಳಿದ ಮೇಲೆ ಬಾಗಿಲಾಚೆ ನಿಲ್ಲುವುದು ತಿಳಿಯದವರು, ಒಬ್ಬೊಬ್ಬರಾಗಿ ಒಳಗೆ ಬಂದು ನೆಲದ ಮೇಲೆ ಕೂತರು. ಮತಗಟ್ಟೆಯೊಳಗೆ ಮತದಾರರಲ್ಲದವರು ಬರಕೂಡದೆಂಬ ನಿಯಮವನ್ನು ಮಾಸ್ತರರು ಆ ದಿನ ಕಾಣಲಿಲ್ಲ. ಮೆಹರುನ್ನೀಸಾ ಪೆಟ್ಟಿಗೆಯನ್ನು ಎತ್ತಿ ಅವರಿಗೆ ಜಾಗ ಮಾಡಿಕೊಟ್ಟಳು. ಹುಲಿಗೆಮ್ಮ ಅವ್ವನ ಪಕ್ಕದಲ್ಲಿ, ಅಲ್ಲಿದ್ದವರಲ್ಲೆಲ್ಲ ಚಿಕ್ಕವಳಾಗಿ, ಕೂತಳು.

ಐದು ಗಂಟೆಗೆ ಮಾಸ್ತರರು ಎದ್ದು ಬಾಗಿಲಲ್ಲಿ ನಿಂತು ಓದಿದರು. ಎಳೆಯರ ಪೀಠದ ಮತದಾರರು ನೂರಾ ತೊಂಬತ್ತೆಂಟು. ಮತ ಹಾಕಿದವರು ತೊಂಬತ್ತೊಂಬತ್ತು. ಚುನಾವಣೆ ಊರ್ಜಿತವಾಯಿತು.